ಎರಡನೆಯವಳು

ಪ್ರೊಫೆಸರಮ್ಮನ ತಲೆಗೂದಲು ಪೂರ್ತಿ ನರೆತಿದ್ದರೂ ಹುಬ್ಬುಗಳು ಮಾತ್ರ ಕಪ್ಪಾಗಿಯೇ ಉಳಿದಿದ್ದವು. ‘ಇಲ್ಲ’ ಎನ್ನಲು ಅವರು ಬಾಯಿ ತೆರೆಯುತ್ತಿರಲಿಲ್ಲ. ಎರಡೂ ಹುಬ್ಬು ಮೇಲೇರಿಸಿ, ಗಲ್ಲ ತುಸು ಎತ್ತಿ, ನಾಲಿಗೆಯಿಂದ ‘ಚ್’ ಎಂದರೆ ಮುಗಿಯಿತು. ಟರ್ಕಿಯಲ್ಲಿ ಎಲ್ಲರೂ ಹಾಗೆಯೇ ಎಂದಿದ್ದರು. ಎಡ ಹುಬ್ಬಿನಲ್ಲಿ ಒಂದು ಕಲೆಯೂ ಇತ್ತೆಂದು ಬರೆಯಹೊರಟೆ. ಇತ್ತೇ? ನನ್ನ ಬಳಿ ಇರುವ ಫೋಟೋದಲ್ಲಂತೂ ಕಾಣುವುದಿಲ್ಲ.

ಲಂಡನ್ನಿನ ಹ್ಯಾರೋದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ತಮ್ಮ ದೇಶದಲ್ಲಿ ಮಕ್ಕಳ ವೈದ್ಯೆಯಾಗಿ, ಮೆಡಿಕಲ್ ಕಾಲೇಜಿನ ಪ್ರೊಫೆಸರಾಗಿ, ಒಂದು ಅವಧಿಗೆ ಸಂಸತ್ ಸದಸ್ಯೆಯಾಗಿ, ವಯಸ್ಸಾದ ಮೇಲೆ ಮಗನಿರುವ ಊರೆಂದು ಲಂಡನ್ನಿಗೆ ಬಂದವರು. ನೋಡಲು ಬರುತ್ತಿದ್ದ ಹಳೆಯ ವಿದ್ಯಾರ್ಥಿಗಳು, ಅವರೂ ಅಜ್ಜ ಅಜ್ಜಿಯರೇ, ‘ಹೊಜಾಮ್’ ಎಂದು ಅವರ ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಳ್ಳುತ್ತಿದ್ದರು. ನನ್ನ ಗುರುವೇ ಎಂದರ್ಥವಂತೆ. ಧಾರವಾಡದ ನಮ್ಮ ಬಾಯಲ್ಲಿ ಅವರು ಪ್ರೊಫೆಸರಮ್ಮ ಆದರು.

ರೇನರ್ಸ್ ಲೇನಿನ ಅಂಗಡಿಯಲ್ಲಿ ಕಲ್ಲಂಗಡಿ ಕೊಳ್ಳುವಾಗ ಎಡಗೈ ಬೆರಳು ಹಣ್ಣಿನ ಮೇಲಿಟ್ಟು, ಬಲಗೈ ಬೆರಳಿನಿಂದ ಅದರ ಮೇಲೆ ತಟ್ಟಿ, ಮಗುವಿನ ಹೊಟ್ಟೆ ಪರೀಕ್ಷಿಸುವಂತೆ ಕಣ್ಣುಮುಚ್ಚಿ ಕೇಳುತ್ತಿದ್ದರು.

“ಎಕ್ಸ್‌ರೇ ಬರೆದುಕೊಡಲಾ ಡಾಕ್ಟರ್?” ಎಂದು ಅಂಗಡಿಯವನು ಕಾಡಿಸಿದರೆ, “ಬೇಡ, ನೀರು ತುಂಬಿಕೊಂಡಿದೆ. ಇವತ್ತೇ ಡಿಸ್ಚಾರ್ಜ್ ಮಾಡು” ಎನ್ನುವರು.

ರಾಜಕೀಯದ ಬಗ್ಗೆ ಕೇಳಿದರೆ ಒಂದೇ ಉತ್ತರ. “ವಾರ್ಡಿನಲ್ಲಿ ಮಕ್ಕಳು ಅಳುತ್ತಿದ್ದವು, ಕಾರಣ ಗೊತ್ತಾಗುತ್ತಿತ್ತು. ಸಂಸತ್ತಿನಲ್ಲಿ ದೊಡ್ಡವರು ಅಳುತ್ತಿದ್ದರು.”

ಪ್ರತಿ ಬುಧವಾರ ಅವರು ತಮ್ಮ ಆತ್ಮಕಥೆಯನ್ನು ಇಂಗ್ಲಿಷಿನಲ್ಲಿ ಹೇಳುವುದು, ನಾನು ಟೈಪ್ ಮಾಡುವುದು. ಇತಿಹಾಸದಲ್ಲಿ ಎಂ.ಎ. ಮಾಡಿ ಲೈಬ್ರರಿಯಲ್ಲಿ ಅರ್ಧ ದಿನದ ಕೆಲಸದಲ್ಲಿದ್ದ ನನ್ನನ್ನೇ ಯಾಕೆ ಆರಿಸಿದಿರಿ ಎಂದು ಕೇಳಿದ್ದೆ. “ನೀನು ಬೇಗ ಟೈಪ್ ಮಾಡುತ್ತೀ, ನಿಧಾನವಾಗಿ ನಂಬುತ್ತೀ” ಎಂದರು.

ಅವರು ಹುಟ್ಟಿದ ಊರಿನ ಮೊದಲ ಮಹಿಳಾ ಡಾಕ್ಟರು ಎಂಬುದು ಅವರ ಬಗೆಗಿನ ಎಲ್ಲ ಬರಹಗಳ ಮೊದಲ ಸಾಲು. ಒಂದು ಬುಧವಾರ ನಾನೂ ಹಾಗೆ ಟೈಪ್ ಮಾಡಿ ಓದಿದಾಗ ‘ಚ್’ ಎಂದರು. ಮೆಡಿಕಲ್ ಪ್ರವೇಶ ಪರೀಕ್ಷೆಗೆ ಅಕ್ಕತಂಗಿ ಇಬ್ಬರೂ ಕೂತಿದ್ದರಂತೆ. ಇಬ್ಬರೂ ಪಾಸಾದರು, ಅಕ್ಕನಿಗೇ ಹೆಚ್ಚು ಅಂಕ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಒಬ್ಬಳು ಮನೆಯಲ್ಲಿರಬೇಕೆಂದರು ತಂದೆ.

“ಅಕ್ಕ ಬಿಟ್ಟುಕೊಟ್ಟರಾ?” ಎಂದೆ.

“ಇಲ್ಲ. ನಾನು ಅವಳಿಗಿಂತ ಜೋರಾಗಿ ಅತ್ತೆ. ಬರೆದುಕೋ, ನಾನು ಎರಡನೆಯವಳು. ಮೊದಲನೆಯವಳು ಹೊರಡಲಿಲ್ಲ.”

ಆ ಪುಟವನ್ನು ಮೂರು ಸಲ ಓದಿಸಿದರು. ಅಥವಾ ಎರಡು ಸಲವೋ.

ಆ ಚಳಿಗಾಲದಲ್ಲಿ ಅವರು ಆಸ್ಪತ್ರೆ ಸೇರಿದರು. ನಾನು ಹೋದ ಕೊನೆಯ ದಿನ ದನಿ ಸಣ್ಣಗಾಗಿತ್ತು. “ಅಕ್ಕ ಪುಸ್ತಕದಲ್ಲಿ ಇರುತ್ತಾಳಲ್ಲ?” ಎಂದು ಕೇಳಿದರು. ಇರುತ್ತಾರೆ ಎಂಬಂತೆ ನಾನು ತಲೆಯನ್ನು ಅತ್ತಿತ್ತ ತೂಗಿದೆ, ನಮ್ಮವರೆಲ್ಲ ಒಪ್ಪಿಗೆಗೆ ತೂಗುವ ಹಾಗೆ. ಅವರು ಅದೇ ಪ್ರಶ್ನೆಯನ್ನು ಒಂದೊಂದೇ ಪದವಾಗಿ, ಇನ್ನೂ ನಿಧಾನವಾಗಿ ಕೇಳಿದರು. ನಾನು ಇನ್ನೂ ಜೋರಾಗಿ ತೂಗಿದೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಮೂರನೆಯ ದಿನ ಹೋಗಿಬಿಟ್ಟರು.

ಅಂತ್ಯಕ್ರಿಯೆ ಮುಗಿಸಿ ಕಾರಿನಲ್ಲಿ ಬರುವಾಗ ಇದನ್ನು ಗಂಡನಿಗೆ ಹೇಳಿದೆ. ಅವರು ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ಡಾಕ್ಟರು.

“ಅಲ್ಲಾ, ನೀ ಬಾಯಿಬಿಟ್ಟು ಹೇಳಿದೇನು, ಬರೇ ಗೋಣು ಅಲ್ಲಾಡಿಸಿದಿ?”

“ಹೂಂ ಅಂದ್ನಲ್ರೀ.”

“ಹೂಂ ಅಂದ್ರ ಯಾವ ಹೂಂ? ನಮ್ಮ ವಾರ್ಡಿನ್ಯಾಗ ಒಬ್ಬಾಂವ ಟರ್ಕಿ ಅಜ್ಜ ಇದ್ದಾ. ನಾ ಹಿಂಗ ಗೋಣು ಆಡಿಸಿದಾಗೆಲ್ಲಾ, ಪಾಪ ಈ ಡಾಕ್ಟರಿಗೆ ತಿಳೀವಲ್ತು ಅಂತ ಮತ್ತ ಮೊದಲಿಂದ ಹೇಳಾಂವ. ಅವರ ಕಡೆ ಹಂಗಂದ್ರ ‘ತಿಳೀಲಿಲ್ಲ’ ಅಂತ ಅರ್ಥ.” ನಗುತ್ತ ಶುರು ಮಾಡಿದವರು ನನ್ನ ಮುಖ ನೋಡಿ ಕಾರಿನ ವೇಗ ತಗ್ಗಿಸಿದರು.

ಮನೆಗೆ ಬಂದು ಡೈರಿ ತೆಗೆದೆ. ‘ಅಕ್ಕನ ಬಗ್ಗೆ ಕೇಳಿದರು. ಹೂಂ ಅಂದೆ’ ಎಂದಿದೆ. ಇದರಿಂದ ಏನು ತಿಳಿಯಿತು? ತುಟಿ ಎರಡು ಮಾಡದಿದ್ದರೂ ಕನ್ನಡದಲ್ಲಿ ‘ಹೂಂ ಅಂದೆ’ ಎಂದೇ ಬರೆಯುತ್ತೇವೆ. ಐದು ವರ್ಷ ಪಕ್ಕದಲ್ಲಿದ್ದವರಿಗೆ ನಮ್ಮ ತಲೆಯಾಟ ಗೊತ್ತಿರಲಿಲ್ಲವೇ? ಒಮ್ಮೆ ನನ್ನಂತೆ ತಲೆ ತೂಗಿ ಅಣಕಿಸಿದ್ದು ನೆನಪಿದೆ. ಅಥವಾ ಅದು ಎದುರುಮನೆಯ ಐರಿಷ್ ಹೆಂಗಸೋ. ಬೇಕಾದ ನೆನಪನ್ನು ಬೇಕಾದಾಗ ಹುಟ್ಟಿಸಿಕೊಳ್ಳುತ್ತಿದ್ದೇನೆಯೇ ಎಂಬ ಅನುಮಾನ.

ಹದಿನೈದು ದಿನ ಕಳೆದ ಮೇಲೆ ಪ್ರೊಫೆಸರಮ್ಮನ ಮಗ ಬಂದರು. ತಾಯಿ ಪಾಠ ಮಾಡಿದ ಕಾಲೇಜು ಆತ್ಮಕಥೆಯನ್ನು ಅಚ್ಚು ಹಾಕಿಸುವುದಿತ್ತು. ನಾನು ಕೊಟ್ಟ ಹಾಳೆಗಳನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ಒಂದನ್ನು ಬೇರೆ ತೆಗೆದರು.

“ಇದು ಬೇಡ ಅನಿಸುತ್ತೆ. ಊರಿನಲ್ಲಿ ಎಲ್ಲರಿಗೂ ಅಮ್ಮನೇ ಮೊದಲನೆಯವರು. ಕಾಯಿಲೆಯಲ್ಲಿ ಏನೇನೋ ಹೇಳಿರುತ್ತಾರೆ.”

“ಹೇಳಿದಾಗ ಕಾಯಿಲೆ ಇರಲಿಲ್ಲ.”

“ಹಾಕುತ್ತೇನೆ ಅಂತ ನೀವು ಮಾತು ಕೊಟ್ಟಿದ್ದೀರಾ?”

ಹೌದು ಎಂದಷ್ಟೇ ಹೇಳಲು ಬಾಯಿ ತೆರೆದೆ. ನಿಧಾನವಾಗಿ ನಂಬುವವಳೆಂದು ನನ್ನನ್ನು ಆರಿಸಿದವರ ಮಗನೆದುರು ಆ ಅರ್ಧ ಸತ್ಯ ಹೊರಡಲಿಲ್ಲ.

“ಕೊಟ್ಟೆ. ಅವರಿಗೆ ತಲುಪಿತೋ ಇಲ್ಲವೋ ಗೊತ್ತಿಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ, ಆ ಪುಟ ಇರಲಿ.”

ಅವರು ಆ ಹಾಳೆಯನ್ನು ಮತ್ತೊಮ್ಮೆ ಓದಿದರು. ಆಮೇಲೆ ಪೆನ್ನು ಕೇಳಿದರು. ಕೊಟ್ಟೆ. ಪುಟವನ್ನು ಹೊಡೆದುಹಾಕುತ್ತಾರೆಂದು ಬೇರೆ ಕಡೆ ನೋಡಿದೆ.

“ದೊಡ್ಡಮ್ಮನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿದೆ” ಎಂದು, ಪುಟದಲ್ಲಿ ಆ ಹೆಸರು ಬಂದ ಕಡೆಯಲ್ಲೆಲ್ಲ ತಿದ್ದುತ್ತ ಹೋದರು.