ಡ್ರಾಯರ್ ಸಮೇತ ಬಂದ ದೇವರು

ಸಾಕ್ಸ್ ಹಾಕಿಕೊಂಡೇ ದೇವಸ್ಥಾನದೊಳಗೆ ಬಂದುಬಿಟ್ಟೆನಾ ಎಂದು ಬಗ್ಗಿ ನೋಡಿದೆ.

ಬರಿಗಾಲು.

ಶೃಂಗೇರಿಯ ಕಲ್ಲುಹಾಸಿನ ಮೇಲೆ ನಿಂತಿದ್ದೆ. ಶ್ರಾವಣದ ಮೊದಲ ಶನಿವಾರ. ಕಲ್ಲು ಮಂಜುಗಡ್ಡೆಯ ಹಾಗೆ ಕೊರೆಯುತ್ತಿರಬೇಕಿತ್ತು. ಜೊತೆಗೆ ಬಂದ ಹೆಂಗಸರೆಲ್ಲ ‘ಅಬ್ಬಬ್ಬ’ ಎನ್ನುತ್ತ ತುದಿಗಾಲಲ್ಲಿ ಓಡಾಡುತ್ತಿದ್ದರು. ನನಗೆ ಮಾತ್ರ ತಣ್ಣಗೂ ಇಲ್ಲ, ಬೆಚ್ಚಗೂ ಇಲ್ಲ. ನೆಲವೇ ಇಲ್ಲದ ಹಾಗೆ.

“ಎಂತ ಸುಶೀಲಕ್ಕ, ಕಾಲು ನೋಡ್ಕೊಂಡು ನಿಂತ್ಬಿಟ್ರಿ?” ಎಂದಳು ನನ್ನ ಗೆಳತಿ ರತ್ನ.

“ಎಂತಿಲ್ಲ ಮಾರಾಯ್ತಿ. ನಂಗೆ ಚಳಿನೇ ಆಗ್ತಿಲ್ಲ.”

“ಪುಣ್ಯ ಮಾಡಿದೀರಿ ಬಿಡಿ.”

ನಾನೂ ಹಾಗೇ ಅಂದುಕೊಂಡೆ. ಇಷ್ಟು ಕ್ಷೇತ್ರ ಸುತ್ತಿದವಳ ಕಾಲಿಗೆ ದೇವರ ಕಲ್ಲು ಚಳಿ ತಾಗಿಸಿಲ್ಲ ಎಂದು. ಈಗ ನೆನೆಸಿಕೊಂಡರೆ ನನ್ನ ತಲೆಗೆ ನಾನೇ ಎರಡು ಬಾರಿಸಬೇಕು ಅನ್ನಿಸುತ್ತದೆ.

ಅಲ್ಲಿಂದ ಹತ್ತಿರದ ಕಿಗ್ಗದ ದೇವಸ್ಥಾನಕ್ಕೆ ಹೋದೆವು. ವ್ಯಾನಿನಿಂದ ಇಳಿಯುವಾಗ ಬಲ ಮೊಣಕಾಲು ಮಡಚಿಕೊಂಡಿತು. ರತ್ನ ಹಿಡಿದುಕೊಳ್ಳದಿದ್ದರೆ ಮುಗ್ಗರಿಸುತ್ತಿದ್ದೆ. ಹಿಂದಿನ ವಾರ ಭೇದಿಯಾಗಿತ್ತು, ಅದರ ಸುಸ್ತು ಎಂದು ಎಲ್ಲರಿಗೂ ಸಮಜಾಯಿಷಿ ಕೊಟ್ಟೆ. ಲೀಡರ್ ಆದವಳು ಕುಂಟಿದರೆ ಉಳಿದವರ ಗತಿ ಏನು?

ಹೌದು, ನಾನು ಯಾತ್ರೆ ಲೀಡರ್. ಕಸುಬು ಟೈಲರಿಂಗ್. ನರಸಿಂಹರಾಜಪುರದ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಬ್ಲೌಸಿನ ಅಂಗಡಿ. ವರ್ಷಕ್ಕೆ ಎರಡು ಮೂರು ಸಲ ಹೆಂಗಸರನ್ನು ಗುಡ್ಡೆ ಹಾಕಿಕೊಂಡು ಹೊರಡುವುದು ನನ್ನ ಚಟ. ನಮ್ಮ ವೀರಶೈವರ ಐದು ಪೀಠಗಳಲ್ಲಿ ಬಾಳೆಹೊನ್ನೂರು ಪಕ್ಕದಲ್ಲೇ ಇದೆ. ಉಜ್ಜಯಿನಿ, ಶ್ರೀಶೈಲ, ಕಾಶಿ ಮುಗಿಸಿದ್ದೆ. ಉಳಿದದ್ದು ಕೇದಾರ ಒಂದೇ. ದಸರೆ ಮುಗಿದ ಮೇಲೆ ಹನ್ನೊಂದು ಜನ ಹೊರಡುವುದೆಂದು ಟಿಕೆಟ್ ಆಗಿತ್ತು. ಬೆಟ್ಟ ಹತ್ತಲಿಕ್ಕೆ ಅಭ್ಯಾಸವಾಗಲಿ ಎಂದು ದಿನಾ ಬೆಳಿಗ್ಗೆ ಕೆರೆಯ ಏರಿ ಮೇಲೆ ಎಲ್ಲರನ್ನೂ ನಡೆಸುತ್ತಿದ್ದವಳೂ ನಾನೇ.

ನಮ್ಮ ಮನೆಯವರು ಇದಕ್ಕೆಲ್ಲ ಬಂದವರಲ್ಲ. ಕರೆಂಟ್ ಕಂಬ ಹತ್ತಿ ಹತ್ತಿ ರಿಟೈರ್ ಆದ ಲೈನ್‌ಮ್ಯಾನ್. ಬೆಳಿಗ್ಗೆ ಸ್ನಾನವಾದ ಮೇಲೆ ವಿಭೂತಿ ಹಚ್ಚಿಕೊಂಡು, ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು, ಎಡ ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತ ಕೂರುತ್ತಾರೆ. ಅರ್ಧ ಗಂಟೆ. ನಾನು ಕಸ ಗುಡಿಸುತ್ತ ಚುಚ್ಚುತ್ತಿದ್ದೆ. “ಕೂತಲ್ಲೇ ಕೂತ್ರೆ ಎಂತ ಸಿಗುತ್ತೆ? ಒಂದ್ಸಲ ಕಾಶಿಗಾದ್ರೂ ಬನ್ನಿ.” ಅವರು ಕಣ್ಣು ಎತ್ತದೆ, “ನೀ ಹೋಗ್ಬಾ. ನಾ ಇಲ್ಲೇ ಇರ್ತೀನಿ,” ಎನ್ನುತ್ತಿದ್ದರು.

ಸೋಮವಾರ ಮಿಷನ್ನಿನ ಪೆಡಲ್ ತುಳಿಯಲಾಗಲಿಲ್ಲ.

ಕೊಪ್ಪದ ಡಾಕ್ಟರು ಮಂಚದ ಅಂಚಿಗೆ ಕೂರಿಸಿ ಮೊಣಕಾಲಿಗೆ ಪುಟ್ಟ ಸುತ್ತಿಗೆಯಿಂದ ಹೊಡೆದರು. ಕಾಲು ಜಿಗಿಯಬೇಕು. ಜಿಗಿಯಲಿಲ್ಲ. ಇನ್ನೊಮ್ಮೆ ಹೊಡೆದರು. ಹತ್ತಿಯ ಮೂಟೆಗೆ ಹೊಡೆದ ಹಾಗಾಯಿತು.

“ರಿಫ್ಲೆಕ್ಸ್ ಇಲ್ಲ. ಇವತ್ತೇ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ. ನಾಳೆ ಅಲ್ಲ, ಇವತ್ತೇ,” ಎಂದರು ಜೊತೆಗಿದ್ದ ನಮ್ಮ ಮನೆಯವರಿಗೆ.

ಶಿವಮೊಗ್ಗ ಮುಟ್ಟುವಷ್ಟರಲ್ಲಿ ಎರಡೂ ಕಾಲು ನನ್ನವಲ್ಲ ಎನ್ನುವ ಹಾಗಾಗಿತ್ತು. ಬೆರಳುಗಳಲ್ಲಿ ಇರುವೆ ಹರಿದಂತೆ ಜುಮುಜುಮು. ನ್ಯೂರಾಲಜಿ ಡಾಕ್ಟರು ಬೆನ್ನುಹುರಿ ನೋಡಬೇಕು, ಎಂಆರ್‌ಐ ಮಾಡಿಸಿ ಎಂದರು. ನರ್ಸ್ ಬಂದು ಬಳೆ, ಓಲೆ, ತಾಳಿ ಬಿಚ್ಚಿಸಿ ಇವರ ಕೈಗೆ ಕೊಟ್ಟರು. ಆಮೇಲೆ ನನ್ನ ಹಣೆಯ ವಿಭೂತಿ ನೋಡಿ ಕೇಳಿದರು.

“ಮೈ ಮೇಲೆ ಲಿಂಗ ಇದೆಯಾ ಅಮ್ಮ? ಇದ್ರೆ ಬೆಳ್ಳಿ ಕರಡಿಗೆ ತೆಗೀಬೇಕು. ಹೋದ್ವಾರ ಒಬ್ರು ಅಜ್ಜಿ ಬಿಚ್ಚಲ್ಲ ಅಂತ ಅತ್ತು ರಂಪ ಮಾಡಿದ್ರು.”

“ಇಲ್ಲ,” ಎಂದೆ.

ಇವರು ನನ್ನ ಕಡೆ ನೋಡಲಿಲ್ಲ.

ಲಿಂಗ ಇತ್ತು, ಮೈ ಮೇಲಲ್ಲ. ಎಂಟನೇ ವಯಸ್ಸಿಗೆ ದೀಕ್ಷೆ ಕೊಡಿಸಿ ಅಮ್ಮನೇ ಕೊರಳಿಗೆ ಕಟ್ಟಿದ್ದಳು. “ಮೈ ಬಿಟ್ಟು ತೆಗೀಬೇಡ ಮಗಾ, ಸಾಯೋ ತನಕ,” ಎಂದಿದ್ದಳು. ನಾಲ್ಕು ವರ್ಷದ ಹಿಂದೆ, ಯಾರದೋ ಮದುವೆಯ ಬ್ಲೌಸ್ ಹೊಲಿಯುವ ಗಡಿಬಿಡಿಯಲ್ಲಿ, ಬಗ್ಗಿದಾಗಲೆಲ್ಲ ಕರಡಿಗೆ ಮಿಷನ್ನಿಗೆ ಟಕ್ ಟಕ್ ಎಂದು ಬಡಿಯುತ್ತಿತ್ತು. ಇದೊಂದು ಬ್ಲೌಸ್ ಮುಗಿಯಲಿ ಎಂದು ಬಿಚ್ಚಿ ಮಿಷನ್ ಡ್ರಾಯರಿನಲ್ಲಿಟ್ಟೆ. ಆ ಬ್ಲೌಸ್ ಮುಗಿಯಿತು. ಇನ್ನೊಂದು ಬಂತು. ಯಾತ್ರೆಗೆ ಹೋಗುವಾಗಲಾದರೂ ಹಾಕಿಕೊಳ್ಳಬಹುದಿತ್ತು. ಗದ್ದಲದಲ್ಲಿ ಬೆಳ್ಳಿ ಕಳುವಾಗುತ್ತದೆ ಎಂದು ಅಲ್ಲೇ ಬಿಟ್ಟು ಹೋಗುತ್ತಿದ್ದೆ. ದೇವರನ್ನು ಬಾಬಿನ್ನಿನ ಜೊತೆ ಬೀಗ ಹಾಕಿಟ್ಟು ದೇವರನ್ನು ನೋಡಲಿಕ್ಕೆ ಕಾಶಿಗೆ ಹೋದವಳು ನಾನು.

ಎಂಆರ್‌ಐ ಕೊಳವೆಯೊಳಗೆ ತಳ್ಳಿದರು. ಢಬಢಬ ಸದ್ದು. ಹೆದರಿಕೆಯಾಗದಿರಲಿ ಎಂದು ನೋಡಿದ ದೇವರನ್ನೆಲ್ಲ ಒಂದೊಂದಾಗಿ ನೆನೆಯಲು ಹೊರಟೆ. ಶ್ರೀಶೈಲ ಎಂದರೆ ಕಳೆದುಹೋದ ಚಪ್ಪಲಿ ನೆನಪಾಯಿತು. ಕಾಶಿ ಎಂದರೆ ರೈಲಿನಲ್ಲಿ ರತ್ನ ವಾಂತಿ ಮಾಡಿದ್ದು. ಉಜ್ಜಯಿನಿ ಎಂದರೆ ರೂಮಿಗಾಗಿ ನಾನು ಆಡಿದ ಜಗಳ. ಒಂದು ಮುಖವಾದರೂ ಬರಲಿ ಎಂದು ಗೋಗರೆದೆ. ಕ್ಯೂ ಬಂತು, ಕಂಬಿ ಬಂತು, ‘ನಡೀರಿ ನಡೀರಿ’ ಬಂತು. ದೇವರು ಬರಲಿಲ್ಲ. ಅಳು ಬಂತು, ಕಣ್ಣೀರು ಒರೆಸಲು ಕೈ ಎತ್ತುವ ಹಾಗಿರಲಿಲ್ಲ.

ಕಾಯಿಲೆಯ ಹೆಸರು ಗಿಲ್ಲನ್ ಬಾರೆ ಸಿಂಡ್ರೋಮ್. ಜಿಬಿಎಸ್. ಭೇದಿಯ ಸೋಂಕಿನ ಮೇಲೆ ಯುದ್ಧಕ್ಕೆ ಹೊರಟ ಮೈಯ ಸೈನ್ಯ ದಾರಿ ತಪ್ಪಿ ತನ್ನದೇ ನರಗಳನ್ನು ಕಡಿಯುತ್ತದಂತೆ. ಕಾಲಿನಿಂದ ಶುರುವಾಗಿ ಮೇಲಕ್ಕೆ ಹತ್ತುತ್ತದೆ.

“ಎಲ್ಲೀವರೆಗೆ ಹತ್ತುತ್ತೆ ಡಾಕ್ಟ್ರೇ?” ಎಂದು ಇವರು ಕೇಳಿದರು.

“ಉಸಿರಿನವರೆಗೂ ಹತ್ತಬಹುದು. ಅದಕ್ಕೇ ಐಸಿಯುನಲ್ಲಿ ಇಡ್ತಿದೀವಿ.”

ಕೈಗಳು ಬುಧವಾರ ಹೋದವು. ಲೋಟ ಹಿಡಿಯಲಾಗಲಿಲ್ಲ. ಮೂವತ್ತು ವರ್ಷ ಸೂಜಿ ಹಿಡಿದ ಬೆರಳು ಬಾಳೆನಾರಿನ ಹಾಗೆ ಜೋತುಬಿದ್ದವು.

ದಿನಕ್ಕೆ ನಾಲ್ಕು ಸಲ ಡಾಕ್ಟರು ಬಂದು, ಒಂದೇ ಉಸಿರಿನಲ್ಲಿ ಎಷ್ಟಾಗುತ್ತೋ ಅಷ್ಟು ಅಂಕಿ ಎಣಿಸಿ ಎನ್ನುತ್ತಿದ್ದರು. ಮೊದಲ ದಿನ ಇಪ್ಪತ್ತೆರಡು. ಮರುದಿನ ಹದಿನೇಳು. ಆಮೇಲೆ ಹದಿಮೂರು. ಇನ್ನೂ ಇಳಿದರೆ ವೆಂಟಿಲೇಟರ್ ಹಾಕಬೇಕಾಗುತ್ತೆ ಎಂದರು. ಡ್ರಿಪ್ಪಿನಲ್ಲಿ ಐವಿಐಜಿ ಔಷಧ ಹೋಗುತ್ತಿತ್ತು. ಗಾಜಿನಾಚೆ ಇವರು ನಿಂತು ತುಟಿ ಆಡಿಸುತ್ತಿದ್ದರು. ಮಂತ್ರ ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ನನ್ನ ಜೊತೆ ಅವರೂ ಒಂದು, ಎರಡು, ಮೂರು ಎಣಿಸುತ್ತಿದ್ದರು.

ಹನ್ನೊಂದು.

ಮರುದಿನವೂ ಹನ್ನೊಂದು.

ಅದರ ಮರುದಿನ ಹನ್ನೆರಡು. ನರ್ಸ್ ಚಪ್ಪಾಳೆ ತಟ್ಟಿದರು. ಗಾಜಿನಾಚೆ ಇವರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡಿದ್ದು ಕಂಡಿತು. ಮೂವತ್ತು ವರ್ಷದಲ್ಲಿ ಈ ಮನುಷ್ಯ ಅತ್ತಿದ್ದನ್ನು ನಾನು ನೋಡಿರಲಿಲ್ಲ.

ವಾರ್ಡಿಗೆ ತಂದ ಮೇಲೆ ಡಾಕ್ಟರಿಗೆ ನಾನು ಕೇಳಿದ ಮೊದಲ ಪ್ರಶ್ನೆ, “ದಸರೆ ಕಳೆದ ಮೇಲೆ ಕೇದಾರಕ್ಕೆ ಹೋಗಬಹುದಾ?”

“ಈ ವರ್ಷ ಬಾತ್‌ರೂಮಿಗೆ ಹೋಗಿ ಬನ್ನಿ. ಅದೇ ದೊಡ್ಡ ಯಾತ್ರೆ,” ಎಂದು ನಕ್ಕರು.

ಮೈಯೆಲ್ಲ ಉರಿಯಿತು. ಗೋಡೆ ಕಡೆ ಮುಖ ತಿರುಗಿಸಿದೆ. ಇಷ್ಟು ವರ್ಷ ಸುತ್ತಿದ್ದಕ್ಕೆ ಇದಾ ಫಲ ಎಂದು ಇವರ ಮೇಲೆ ರೇಗಾಡಿದೆ. ಇವರು ಗಂಜಿಯ ಚಮಚ ಬಾಯಿಗಿಟ್ಟು, “ಬೈಯೋಕೆ ಉಸಿರು ಸಾಕಷ್ಟಿದೆ ಈಗ. ಒಳ್ಳೇದಾಯ್ತು,” ಎಂದರು.

ಮಾರನೇ ದಿನ ಜುಬೇದಾ ಬಂದಳು. ನನ್ನ ಅಂಗಡಿಯ ಪಕ್ಕ ಅವಳದು ದಾರ, ಲೇಸು, ಗುಂಡಿ ಮಾರುವ ಅಂಗಡಿ. ನನ್ನ ಬೀಗದ ಕೈ ಅವಳ ಹತ್ತಿರ ಇರುತ್ತದೆ. ತೊಡೆಯ ಮೇಲೆ ಹೊಸ ಟವೆಲ್ ಮುಚ್ಚಿದ ಏನೋ ಉದ್ದನೆಯ ವಸ್ತು. ಹಲಸಿನಹಣ್ಣೋ ಏನೋ ಅಂದುಕೊಂಡೆ. ಟವೆಲ್ ಸರಿಸಿದಳು.

ನನ್ನ ಮಿಷನ್ನಿನ ಡ್ರಾಯರು.

ಬಾಬಿನ್, ಹುಕ್ಕು, ಸವೆದ ಚಾಕ್‌ಪೀಸಿನ ಚೂರು, ಅಳತೆ ಟೇಪು, ಎಲ್ಲದರ ನಡುವೆ ಕಪ್ಪಾದ ಬೆಳ್ಳಿ ಕರಡಿಗೆ.

“ಅರ್ಧ ಹೊಲಿದ ಬ್ಲೌಸ್ ಮುಗ್ಸೋಣ ಅಂತ ಬಾಬಿನ್ ಹುಡುಕ್ತಿದ್ದೆ ಅಕ್ಕ. ನಿಮ್ ದೇವ್ರು ಸಿಕ್ತು.” ಸಂಕೋಚದಿಂದ ಧ್ವನಿ ತಗ್ಗಿಸಿದಳು. “ಇದು ಮೈ ಮೇಲೇ ಇರ್ಬೇಕಲ್ವಾ ನಿಮ್ಗೆ? ನಾನು ಮುಟ್ಟಬಹುದೋ ಬೇಡ್ವೋ ಗೊತ್ತಾಗ್ಲಿಲ್ಲ. ಅದ್ಕೆ ಡ್ರಾಯರೇ ಕಿತ್ಕೊಂಡು ಬಂದೆ.”

“ಬಸ್ಸಲ್ಲಾ?”

“ಹ್ಞೂಂ. ಕಂಡಕ್ಟರು ಇದೆಂತ ಅಂದ್ರು. ಆಸ್ಪತ್ರೆ ಸಾಮಾನು ಅಂದೆ.”

ನಗು ಬಂತು. ನಗುತ್ತ ನಗುತ್ತ ಅಳು ಹತ್ತಿತು. ನಾಲ್ಕು ವರ್ಷ ನಾನು ಕೊಡದ ಮರ್ಯಾದೆಯನ್ನು, ಮುಟ್ಟಲೂ ಹೆದರಿ, ನರಸಿಂಹರಾಜಪುರದಿಂದ ಶಿವಮೊಗ್ಗದ ತನಕ ತೊಡೆಯ ಮೇಲಿಟ್ಟುಕೊಂಡು ಅವಳು ಕೊಟ್ಟಿದ್ದಳು. “ನಿನ್ ಕೈ ನನ್ ಕೈಗಿಂತ ಚೊಕ್ಕ ಇದೆ ಕಣೆ,” ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಸೆರಗಿನಿಂದ ನನ್ನ ಕಣ್ಣೊರೆಸಿದಳು.

ಇವರು ಕರಡಿಗೆಯನ್ನು ವಿಭೂತಿಯಿಂದ ಉಜ್ಜಿ ಬೆಳಗಿದರು. ಮರುದಿನ ಬೆಳಿಗ್ಗೆ ನನಗೆ ಮೈ ಒರೆಸಿ, ದಿಂಬಿಗೆ ಒರಗಿಸಿ ಕೂರಿಸಿ, “ಎಡಗೈ ಕೊಡು,” ಎಂದರು.

“ಬೇಡ. ಬೀಳುತ್ತೆ.”

ನಿಜವಾಗಿ ಹೆದರಿದ್ದೆ. ಲಿಂಗ ನೆಲಕ್ಕೆ ಬಿದ್ದರೆ ಮನೆಯಲ್ಲಿ ಸಾವಾದಷ್ಟು ಮಂಕಾಗುವ ಜನ ನಾವು. ನನ್ನ ಕೈಯೋ, ಗಾಳಿಗೆ ಎಲೆ ಆಡಿದಂತೆ ಆಡುತ್ತಿತ್ತು.

“ಕೆಳಗೆ ನನ್ ಕೈ ಇರುತ್ತೆ,” ಎಂದರು.

ನನ್ನ ಅಂಗೈ, ಅದರ ಕೆಳಗೆ ಅವರ ಅಂಗೈ. ಮೇಲೆ ನೇರಳೆಹಣ್ಣಿನಷ್ಟು ಕಪ್ಪು ಲಿಂಗ. ಅದು ನಡುಗಿತು. ನಾನು ಅದನ್ನೇ ನೋಡಿದೆ, ಭಕ್ತಿಯಿಂದಲ್ಲ, ಬೀಳುತ್ತದೆ ಎಂಬ ಭಯದಿಂದ. ಎವೆ ಮುಚ್ಚಿದರೆ ಬೀಳಬಹುದು. ಬೇರೆ ಯೋಚಿಸಿದರೆ ಬೀಳಬಹುದು. ಎರಡು ನಿಮಿಷಕ್ಕೆ ಬೆವರು ಇಳಿಯಿತು. ಆಗ ಹೊಳೆಯಿತು, ಅಷ್ಟು ದೇವಸ್ಥಾನಗಳಲ್ಲಿ ಯಾವ ದೇವರನ್ನೂ ನಾನು ಎರಡು ನಿಮಿಷ ನೋಡಿರಲಿಲ್ಲ ಎಂದು. ತಳ್ಳುತ್ತಿದ್ದರು ಎಂಬುದು ನೆಪ. ನಾನೇ ಮುಂದಿನ ಊರಿನ ಬಸ್ಸಿನ ಟೈಮು ನೋಡುತ್ತಿದ್ದೆ.

ದಿನವೂ ಇದು ನಡೆಯಿತು. ಫಿಸಿಯೋಥೆರಪಿ ಹುಡುಗಿ ಹಿಸುಕಲಿಕ್ಕೆ ಸ್ಪಂಜಿನ ಚೆಂಡು ಕೊಟ್ಟಿದ್ದಳು. ಅದನ್ನು ಬಲಗೈಗೆ ಇಟ್ಟುಕೊಂಡೆ. ಎಡಗೈಯದು ಈ ಕೆಲಸ. “ಆಂಟಿ, ನಿಮ್ಮ ಲೆಫ್ಟ್ ಬೇಗ ಸುಧಾರಿಸ್ತಿದೆಯಲ್ಲ!” ಎಂದು ಅವಳಿಗೆ ಆಶ್ಚರ್ಯ. ಪವಾಡ ಎಂದು ನಾನು ಹೇಳುವುದಿಲ್ಲ. ಅಭ್ಯಾಸ ಮಾಡಿದ ಕೈ ಬೇಗ ಕಲಿಯುತ್ತದೆ, ಅದು ಟೈಲರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಆ ಹೊತ್ತಿನಲ್ಲಿ ಹೆದರಿಕೆ ಒಂದಿಷ್ಟು ತಗ್ಗುತ್ತಿತ್ತು. ಯಾಕೆ ನನಗೇ ಹೀಗಾಯಿತು ಎಂಬ ಪ್ರಶ್ನೆ ಎದ್ದು ಬರುತ್ತಿರಲಿಲ್ಲ.

ಐದನೇ ವಾರಕ್ಕೆ ಮನೆಗೆ ಬಂದೆವು. ವಾಕರ್ ಹಿಡಿದು ಬಚ್ಚಲಿಗೆ ಮೊದಲ ಸಲ ಹೋಗಿ ಬಂದ ದಿನ, ಡಾಕ್ಟರು ಹೇಳಿದ ಯಾತ್ರೆ ಮುಗೀತು ಎಂದು ಇವರು ಹಣೆಗೆ ವಿಭೂತಿ ಹಚ್ಚಿದರು. ಆಗ ಸಿಟ್ಟು ಬರಲಿಲ್ಲ.

ದಸರೆ ಕಳೆಯಿತು. ಹತ್ತು ಜನ ಹೊರಟರು. ಬೀಳ್ಕೊಡಲು ಬಾಗಿಲ ತನಕ ಬಂದೆ. ಸುಳ್ಳೇಕೆ, ಹೊಟ್ಟೆ ಉರಿಯಿತು. ವ್ಯಾನಿನ ಮುಂದಿನ ಸೀಟು, ನನ್ನ ಸೀಟು, ರತ್ನ ಹತ್ತಿ ಕೂತಿದ್ದಳು. ಈಗಲೂ ಯಾರಾದರೂ ಯಾತ್ರೆ ಎಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಕಾಲು ಸರಿಯಾದರೆ ಹೋಗುವುದಿಲ್ಲ ಎಂದು ಶಪಥವನ್ನೇನೂ ಮಾಡಿಲ್ಲ.

ಒಂಬತ್ತು ದಿನ ಕಳೆದು, ಬೆಳಿಗ್ಗೆ ಪೂಜೆಗೆ ಕೂತಿದ್ದಾಗ ಫೋನ್ ಬಡಿದುಕೊಂಡಿತು. ರತ್ನಳ ವಿಡಿಯೋ ಕಾಲ್. ಎಡ ಅಂಗೈಯಲ್ಲಿ ಲಿಂಗ, ಬಲಗೈಯಲ್ಲಿ ಹೇಗೋ ಫೋನ್ ಎತ್ತಿಕೊಂಡೆ. ಟೋಪಿ, ಮಫ್ಲರಿನಲ್ಲಿ ಮುಚ್ಚಿಹೋದ ರತ್ನ ಚಳಿಗೆ ಹಲ್ಲು ಕಡಿಯುತ್ತ ಅರಚಿದಳು. “ಸುಶೀಲಕ್ಕಾ, ಕೇದಾರ! ನೋಡಿ, ನಿಮ್ಗೇ ಅಂತ ತೋರಿಸ್ತಿದೀನಿ!”

ಫೋನ್ ತಿರುಗಿಸಿದಳು. ಬಿಳಿ ಬೆಟ್ಟದ ಕೆಳಗೆ ಕಲ್ಲಿನ ಗುಡಿ. ಇಷ್ಟು ವರ್ಷ ಕಾದದ್ದು. ಮುಖದ ಹತ್ತಿರ ತಂದುಕೊಳ್ಳಲು ಹೋದೆ. ಬಲಗೈಯ ಬೆರಳು ಸೋತವು.

ಫೋನ್ ಜಾರಿ ನೆಲಕ್ಕೆ ಬಿತ್ತು. ಮಕಾಡೆ.

ಎದುರು ಕೂತಿದ್ದ ಇವರು ಗಾಬರಿಯಿಂದ ಕೈ ಚಾಚಿದರು. ಫೋನಿಗಲ್ಲ, ನನ್ನ ಎಡಗೈಯ ಕೆಳಗೆ. ಚಾಚಿದ ಕೈ ಅಲ್ಲೇ ನಿಂತಿತು. ಲಿಂಗ ಅಲುಗಿರಲಿಲ್ಲ.

ಇವರು ನಿಧಾನಕ್ಕೆ ಕೈ ಹಿಂದಕ್ಕೆ ತೆಗೆದುಕೊಂಡರು.

“ಕಂಡ್ತಾ ಅಕ್ಕಾ? ಹಲೋ? ದೇವ್ರು ಕಂಡ್ತಾ?” ರತ್ನ ನೆಲದಿಂದ ಕೂಗುತ್ತಲೇ ಇದ್ದಳು.

ನಾನು ಅಂಗೈಯಿಂದ ಕಣ್ಣು ತೆಗೆಯಲಿಲ್ಲ.

“ಕಂಡ್ತು ಮಾರಾಯ್ತಿ,” ಎಂದೆ. “ನೀನಿನ್ನು ಬೆಚ್ಚಗೆ ಒಳಗೆ ಹೋಗು.”