ಹಿಡಿಯಕ್ಕ ಕೊಂಡ ಹಳೇ ಮೆಷಿನ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಳೇ ಹೊಲಿಗೆ ಮೆಷಿನ್‌ಗಳನ್ನು ಮಾರುವ ಶೆಡ್ಡಿನ ಷಟರ್ ಅರ್ಧ ಎದ್ದಿದೆ. ಒಳಗೆ ಯಜಮಾನ ಈಗಷ್ಟೇ ಬಂದವನ ಹಾಗೆ ಆಕಳಿಸುತ್ತಿದ್ದಾನೆ. ಷಟರ್ ಕೆಳಗೆ ಬಗ್ಗಿ ಒಳಬಂದ ಹೆಂಗಸು ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ ಮೊದಲ ಮೆಷಿನ್ನಿನ ಮೋಟರ್ ಮೇಲೆ ಅಂಗೈ ಇಡುತ್ತಾರೆ, ಮಗುವಿನ ಜ್ವರ ನೋಡುವ ಹಾಗೆ. ಬೆಚ್ಚಗಿದೆ.

"ಆಗಲೇ ಓಡಿಸಿ ಇಟ್ಟಿದೀರಿ ಇದನ್ನ."

"ಏನಕ್ಕಾ, ಬೆಳಬೆಳಗ್ಗೆ ಪೊಲೀಸರ ಥರ ನುಗ್ತೀರಲ್ಲ!"

"ತಣ್ಣಗಿದ್ದಾಗಲೇ ನೋಡ್ಬೇಕಪ್ಪ. ಬಿಸಿಯಾದ್ಮೇಲೆ ಎಲ್ಲಾ ಮೆಷಿನ್ನೂ ಒಳ್ಳೇವೇ," ಎಂದು ಅವರು ಮುಂದಿನ ಮೆಷಿನ್ನಿಗೆ ಕೈ ಇಡುತ್ತಾರೆ.

ಆಸ್ಪತ್ರೆಯ ಶವಾಗಾರಕ್ಕೆ ಚೀಲ ಹೊಲಿದುಕೊಡುವುದು ಇವರ ಕೆಲಸ. ದಪ್ಪ ಟಾರ್ಪಾಲಿನ ಆಳುದ್ದದ ಚೀಲ, ನಡುವೆ ಜಿಪ್, ಹೊರುವವರು ಹಿಡಿದುಕೊಳ್ಳಲು ಎರಡೂ ಬದಿಗೆ ಬೆಲ್ಟಿನ ಮೂರು ಮೂರು ಹಿಡಿ. ಅಲ್ಲಿನವರೆಲ್ಲ ಇವರನ್ನು ಕರೆಯುವುದು ಹಿಡಿಯಕ್ಕ ಎಂದು. ಒಂದು ಹಿಡಿ ಕಿತ್ತುಹೋದ ಮೇಲೆ ಅಂಟಿಕೊಂಡ ಹೆಸರು ಅದು, ಮೊದಮೊದಲು ಹೊಗಳಿಕೆಯಾಗಿರಲಿಲ್ಲ. "ಇಷ್ಟು ವರ್ಷದಿಂದ ಹೊಲೀತಿದೀನಿ, ಒಬ್ರಾದ್ರೂ ವಾಪಸ್ ಬಂದು ಚೆನ್ನಾಗಿತ್ತು ಅಂದಿಲ್ಲ ನೋಡಿ," ಎಂದು ನಗುತ್ತಾರೆ. ಇವರ ಬಗ್ಗೆ ಬರೆಯಲೆಂದು ಜೊತೆಗೆ ಬಂದಿರುವ ನಾನು, ನಗಬೇಕೋ ಬೇಡವೋ ತಿಳಿಯದೆ ಚಪ್ಪಲಿಯ ತುದಿ ನೋಡಿಕೊಂಡು ನಿಲ್ಲುತ್ತೇನೆ.

ಮನೆಯಲ್ಲಿ ಒಂದು ಸಣ್ಣ ಮೆಷಿನ್ ಇದೆ. ಚೀಲದ ಬದಿಗೆ, ಜಿಪ್ಪಿಗೆ ಅದು ಸಾಕು. ಕಷ್ಟ ಶುರುವಾಗುವುದು ಹಿಡಿಯ ಹತ್ತಿರ. ಟಾರ್ಪಾಲಿನ ಎರಡು ಪದರ, ಅದರ ಮೇಲೆ ಮಡಚಿದ ಬೆಲ್ಟು. ಅಲ್ಲಿಗೆ ಬಂದ ಕೂಡಲೇ ಸೂಜಿ ಮುಗ್ಗರಿಸಿ ಹೊಲಿಗೆ ಹಾರುತ್ತದೆ. ಹಾರಿದ್ದಕ್ಕೆಲ್ಲ ಅವರು ಆಗ ಕಂಡುಕೊಂಡಿದ್ದ ಉಪಾಯ ಒಂದೇ: ರಿವರ್ಸ್ ಲಿವರ್ ಒತ್ತಿ ಅದೇ ಜಾಗದಲ್ಲಿ ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ ಓಡಿಸುವುದು. ನೂಲು ಹೆಚ್ಚಿದಷ್ಟೂ ಗಟ್ಟಿ ಎಂಬ ನಂಬಿಕೆ. ಆದರೆ ಸೂಜಿ ಇಳಿದಷ್ಟು ಸಲವೂ ಒಂದು ತೂತು. ತೂತಿನ ಪಕ್ಕ ತೂತು ಬಿದ್ದು ಟಾರ್ಪಾಲು ಅಂಚೆಚೀಟಿಯ ಅಂಚಿನಂತಾಗಿತ್ತು. "ಹೊಲೀತಿದೀನಿ ಅಂದ್ಕೊಂಡಿದ್ದೆ. ಹರಿಯೋದಕ್ಕೆ ಗೆರೆ ಹಾಕಿಕೊಡ್ತಾ ಇದ್ದೆ," ಎನ್ನುತ್ತಾರೆ.

ಹಿಡಿ ಕಿತ್ತುಹೋದ ಆ ಚೀಲವನ್ನು ಹೊತ್ತವರಲ್ಲಿ ಅವರ ಗಂಡನೂ ಇದ್ದರು. ಅದೇ ಆಸ್ಪತ್ರೆಯಲ್ಲಿ ಹೆಣ ಸಾಗಿಸುವ ಕೆಲಸ ಅವರದು. ಅವತ್ತು ಲಿಫ್ಟ್ ಕೆಟ್ಟಿತ್ತು, ಮೆಟ್ಟಿಲಲ್ಲಿ ಇಳಿಸುತ್ತಿದ್ದರು. ಹೊರುವವರಿಗೆ ಒಂದು ರೂಢಿಯಿದೆ. ಚೀಲದೊಳಗಿರುವವರ ಜೊತೆ ಮಾತಾಡುತ್ತಲೇ ಹೋಗುತ್ತಾರೆ: ತಿರುವು ಬಂತು, ಸ್ವಲ್ಪ ವಾಲುತ್ತೆ, ಹೆದರಬೇಡಿ. "ಇನ್ನು ಮೂರೇ ಮೆಟ್ಟಿಲಮ್ಮ," ಎಂದು ಗಂಡ ಹೇಳಿದ್ದರು. ಅಷ್ಟರಲ್ಲಿ ಮೇಲಿನ ಹಿಡಿ ಟಾರ್ಪಾಲಿನ ತುಂಡಿನ ಸಮೇತ ಕಿತ್ತುಬಂತು. ಭಾರವೆಲ್ಲ ಕೆಳಗಿದ್ದ ಅವರ ಮೇಲೆ ಜಾರಿತು. ಅವರು ಬಿಡಲಿಲ್ಲ. ಬೆನ್ನು ಮೆಟ್ಟಿಲಿನ ಅಂಚಿಗೆ ಬಡಿಯಿತು. ಹಿಂದೆಯೇ ಇಳಿದು ಬರುತ್ತಿದ್ದ ಮಗಳು, ಅಂದರೆ ಸತ್ತಾಕೆಯ ಮಗಳು, ಇದನ್ನೆಲ್ಲ ಕಣ್ಣಾರೆ ಕಂಡಳು. ಅವಳು ಕಿರುಚಿದ್ದು ಗಂಡನಿಗೆ ಈಗಲೂ ನಿದ್ದೆಯಲ್ಲಿ ಕೇಳುತ್ತದಂತೆ.

ಅಂದಿನಿಂದ ಅವರಿಗೆ ಮಂಚವೇ ಗತಿ. ಕೋಲು ಹಿಡಿದು ಬಾಗಿಲವರೆಗೆ ಬರುತ್ತಾರೆ, ಹೆಚ್ಚು ಹೊತ್ತು ಕೂರಲಾರರು. "ಬೈದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು. ಒಂದು ಮಾತೂ ಅಂದಿಲ್ಲ," ಎನ್ನುವಾಗ ಹಿಡಿಯಕ್ಕನ ದನಿ ಇಳಿಯುತ್ತದೆ. "ಚೀಲ ಮಾತ್ರ ಕಣ್ಣೆತ್ತಿ ನೋಡಲ್ಲ. ನಾನು ಹೊಲಿಯೋಕೆ ಕೂತ್ರೆ ಗೋಡೆ ಕಡೆ ತಿರುಗಿ ಮಲಗ್ತಾರೆ."

ಆಮೇಲೆ ಅವರು ಹಿಡಿಗಳನ್ನು ಮೆಷಿನ್ನಿಗೆ ಕೊಟ್ಟಿಲ್ಲ. ದಬ್ಬಳ ಹಿಡಿದು ಕೈಯಲ್ಲೇ ಹೊಲಿಯುತ್ತಾರೆ. ದಿನಕ್ಕೆ ಎರಡು ಚೀಲ ಮುಗಿದರೆ ಹೆಚ್ಚು. ಬಲಗೈ ಹೆಬ್ಬೆರಳಿನ ಬುಡ ಊದಿ ಗಂಟಾಗಿದೆ, ಗುಂಡಿ ಹಾಕಿಕೊಳ್ಳಲು ತಂಗಿಯನ್ನು ಕರೆಯಬೇಕು. ಹೀಗೇ ಮುಂದುವರಿದರೆ ಕೈ ಹೋಗುತ್ತದೆ ಎಂದು ಡಾಕ್ಟರು ಹೇಳಿಯಾಗಿದೆ. ಕೈ ಹೋದರೆ ಕೆಲಸ ಹೋಯಿತು, ಮನೆ ನಡೆಯುವುದೇ ಅದರಿಂದ. ಹಾಗೆಂದು ಸಿಕ್ಕಿದ ಮೆಷಿನ್ ತಂದು ಮತ್ತೊಂದು ಹಿಡಿ ಕಿತ್ತರೆ? ಆ ಹೆದರಿಕೆಯಲ್ಲೇ ಎಷ್ಟೋ ಶೆಡ್ಡುಗಳಿಗೆ ಹೋಗಿ ಬರಿಗೈಯಲ್ಲಿ ಬಂದಿದ್ದಾರೆ.

ಇಲ್ಲಿ ಯಜಮಾನ ತೆಳ್ಳನೆಯ ಬಟ್ಟೆಯೊಂದನ್ನು ಸೂಜಿಯ ಕೆಳಗಿಟ್ಟು ಸರ್ರನೆ ಓಡಿಸಿ ತೋರಿಸುತ್ತಾನೆ. "ನೋಡಿ, ಬೆಣ್ಣೆ ಕೊಯ್ದ ಹಾಗೆ!" ಹಿಡಿಯಕ್ಕ ಆ ಕಡೆ ನೋಡುವುದೇ ಇಲ್ಲ. ಹೊಸ ಬಣ್ಣ ಹೊಡೆದು ಫಳಫಳ ಎನ್ನುತ್ತಿರುವ ಆ ಮೆಷಿನ್ನಿನ ಸ್ಕ್ರೂಗಳ ತಲೆ ಸವೆದಿರುವುದನ್ನು ಉಗುರಿನಿಂದ ಮುಟ್ಟಿ ನೋಡುತ್ತಾರೆ. ಸೂಜಿ ಇಳಿಯುವ ತಟ್ಟೆಯ ತುಂಬ ಸೂಜಿ ಮುರಿದ ಗಾಯ. ಚಕ್ರವನ್ನು ಕೈಯಿಂದ ನಿಧಾನ ತಿರುಗಿಸುತ್ತಾರೆ. ಸುತ್ತಿನ ಒಂದು ಕಡೆ ಅದು ಬಿಗಿಯುತ್ತದೆ, ಪ್ರತಿ ಸಲವೂ ಅಲ್ಲೇ. "ತಲೆಗೆ ಬಣ್ಣ ಹಚ್ಚಿಬಿಟ್ರೆ ಮಂಡಿನೋವು ಹೋಗತ್ತಾ?" ಎಂದು ಕೈ ಒರೆಸಿಕೊಂಡು ಮುಂದೆ ನಡೆಯುತ್ತಾರೆ.

ಮೂಲೆಯಲ್ಲಿ ಗೋಣಿ ಹೊದ್ದು ನಿಂತಿರುವುದು, ಮುಚ್ಚಿಹೋದ ಬೂಟಿನ ಕಾರ್ಖಾನೆಯೊಂದರಿಂದ ಬಂದ ಮೆಷಿನ್. ಯಾರ್ಯಾರದೋ ಅಂಗೈ ಊರಿ ಊರಿ ಬಣ್ಣ ಹೋಗಿದೆ. ಬಟ್ಟೆ ಒತ್ತಿ ಹಿಡಿಯಲು ಎರಡು ಪಾದಗಳು, ಒಂದು ಎದ್ದರೆ ಇನ್ನೊಂದು ಊರಿ, ಎಷ್ಟೇ ದಪ್ಪದ ಪದರವನ್ನೂ ನಡೆಸಿಕೊಂಡು ಹೋಗುತ್ತವೆ. ಮೋಟರ್ ತಣ್ಣಗಿದೆ. ಚಕ್ರ ಎಲ್ಲೂ ಬಿಗಿಯದೆ ಸುತ್ತು ಮುಗಿಸುತ್ತದೆ. ಹಿಡಿಯಕ್ಕ ಹೆಗಲಿನ ಚೀಲದಿಂದ ತಮ್ಮದೇ ಟಾರ್ಪಾಲು, ಬೆಲ್ಟು, ನೂಲು ತೆಗೆದು ಹಿಡಿಯೊಂದನ್ನು ಹೊಲಿಯುತ್ತಾರೆ. ತಿರುಗಿಸಿ ಅಡಿಭಾಗ ನೋಡುತ್ತಾರೆ. ಒಂದು ಹೊಲಿಗೆಯೂ ಹಾರಿಲ್ಲ. ಟಾರ್ಪಾಲನ್ನು ಕಾಲಡಿ ಒತ್ತಿಕೊಂಡು ಹಿಡಿಯನ್ನು ನನ್ನ ಕೈಗೆ ಕೊಡುತ್ತಾರೆ. "ಎಳೀರಿ. ಇನ್ನೂ ಜೋರಾಗಿ. ಊಟ ಮಾಡಿಲ್ವಾ?" ನನ್ನ ಮುಖ ಕೆಂಪಾದರೂ ಹಿಡಿ ಜಗ್ಗುವುದಿಲ್ಲ.

ಆಗ ಯಜಮಾನ ತಲೆ ಕೆರೆದುಕೊಳ್ಳುತ್ತ ಬಾಯಿ ಬಿಡುತ್ತಾನೆ. "ಒಂದು ವಿಷಯ ಹೇಳಿಬಿಡ್ತೀನಕ್ಕ. ಇದಕ್ಕೆ ರಿವರ್ಸ್ ಬರಲ್ಲ. ಒಳಗೇನೋ ಮುರಿದಿದೆ, ಸಾಮಾನೂ ಸಿಗ್ತಿಲ್ಲ. ಅದಕ್ಕೇ ಯಾರೂ ಮುಟ್ತಿಲ್ಲ."

ಹಿಡಿಯಕ್ಕ ಲಿವರ್ ಒತ್ತುತ್ತಾರೆ. ಮೆಷಿನ್ ಹಿಂದಕ್ಕೆ ಹೋಗುವುದಿಲ್ಲ. ಇನ್ನೊಮ್ಮೆ ಒತ್ತುತ್ತಾರೆ. ಆಮೇಲೆ ಸ್ವಲ್ಪ ಹೊತ್ತು ಆ ಸತ್ತ ಲಿವರ್ ಮೇಲೆ ಕೈ ಇಟ್ಟುಕೊಂಡೇ ನಿಂತಿರುತ್ತಾರೆ.

"ಇದೇ ಕೊಡಿ," ಎನ್ನುತ್ತಾರೆ. "ಹಿಂದಕ್ಕೆ ಹೋಗೋದು ನನಗೆ ಬೇಡವೇ ಬೇಡ. ನೂಲಿನ ತುದಿ ಕೈಯಲ್ಲಿ ಗಂಟು ಹಾಕ್ಕೋತೀನಿ."

ವಾರ ಕಳೆದು ನಾನು ಅವರ ಮನೆಗೆ ಹೋದಾಗ ಮೆಷಿನ್ ಮಹಡಿಯ ಕೋಣೆ ಸೇರಿದೆ. ಮೊದಲ ಚೀಲ ಸಿದ್ಧವಾಗಿದೆ. ಒಂದೊಂದು ಹಿಡಿಗೂ ಒಂದೇ ಸುತ್ತಿನ ಚೌಕ, ನಡುವೆ ಅಡ್ಡ ಒಂದು ಗೆರೆ, ಯಾವ ತೂತಿಗೂ ಸೂಜಿ ಎರಡನೇ ಸಲ ಇಳಿದಿಲ್ಲ. ಆಳಿನ ತೂಕಕ್ಕಿಂತ ಹೆಚ್ಚೇ ಮರಳು ತುಂಬಿ ಜಿಪ್ ಎಳೆದಿದ್ದಾರೆ. ಗಂಡನ ಹಳೇ ಜೊತೆಗಾರರು ಇಬ್ಬರು ಬಂದಿದ್ದಾರೆ. ಮೇಲೊಬ್ಬರು, ಕೆಳಗೊಬ್ಬರು, ನಡುವೆ ತಂಗಿ. ಕಡಿದಾದ ಮೆಟ್ಟಿಲಲ್ಲಿ ಇಳಿಸಲು ಶುರು ಮಾಡುತ್ತಾರೆ. ಹಿಡಿಯಕ್ಕ ಕೆಳಗೆ, ಚೀಲ ಬಿದ್ದರೆ ನೇರ ಮೈಮೇಲೆ ಬೀಳುವ ಜಾಗದಲ್ಲಿ, ಬೇಕೆಂದೇ ನಿಂತಿದ್ದಾರೆ. ನನಗೆ ಭಯವಾಗುತ್ತದೆ.

ಮೇಲೆ ಕೋಲಿನ ಸದ್ದು. ಮಂಚ ಬಿಟ್ಟು ಗಂಡ ಬಾಗಿಲಿಗೆ ಬಂದಿದ್ದಾರೆ. ಗೋಡೆಗೆ ಭುಜ ಕೊಟ್ಟು ನಿಂತು, ಚೀಲವನ್ನೇ ನೋಡುತ್ತಾರೆ. ಹೊರುವವರು ತಿರುವಿಗೆ ಬರುತ್ತಾರೆ.

"ತಿರುವು ಬಂತು," ಎನ್ನುತ್ತಾರೆ ಅವರು. ಹೇಳುತ್ತಿರುವುದು ಜೊತೆಗಾರರಿಗಲ್ಲ, ಮರಳಿಗೆ. "ಸ್ವಲ್ಪ ವಾಲುತ್ತೆ. ಹೆದರಬೇಡಿ."

ಬೆಲ್ಟು ಕಿರುಗುಡುತ್ತದೆ. ಗಂಡ ಕೋಲೂರಿ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬರುತ್ತಾರೆ. ಕೊನೆಗೂ ಹೇಳುತ್ತಾರೆ: "ಇನ್ನು ಮೂರೇ ಮೆಟ್ಟಿಲಮ್ಮ."

ಚೀಲ ನೆಲ ಮುಟ್ಟುತ್ತದೆ. ಹಿಡಿಯಕ್ಕ ಮಂಡಿಯೂರಿ ಒಂದೊಂದು ಹಿಡಿಯನ್ನೂ ಊದಿದ ಬೆರಳಲ್ಲಿ ತಡವಿ, ಮೇಲಕ್ಕೆ ನೋಡದೆಯೇ "ಆರೂ ಇದೆ ರೀ" ಎನ್ನುತ್ತಾರೆ. ಮೇಲೆ ಕೋಲು ನಿಧಾನವಾಗಿ ಮಂಚದ ಕಡೆ ಹೋಗುವ ಸದ್ದು. ಆ ಬೆನ್ನು ಇನ್ನು ನೆಟ್ಟಗಾಗುವುದಿಲ್ಲ, ಅದು ಮನೆಯವರಿಗೆಲ್ಲ ಗೊತ್ತು.

ಹೊರಡುವಾಗ, ಇನ್ನೇನು ಆಸೆ ಎಂದು ಕೇಳುತ್ತೇನೆ. ಅವರು ಮರಳು ಸುರಿಯುತ್ತಲೇ ಹೇಳುತ್ತಾರೆ: "ಒಳಗಿರೋರು ಯಾರು ಅಂತ ನನಗೆ ಯಾವತ್ತೂ ಗೊತ್ತಾಗಲ್ಲ. ಯಾರದೋ ಅಮ್ಮ ಇರ್ತಾರೆ. ಹಿಂದೆ ಮಗಳು ನಡ್ಕೊಂಡು ಬರ್ತಿರ್ತಾಳೆ. ಅವಳು ಅಳಲಿ, ಅಮ್ಮ ಹೋಗಿದ್ದಕ್ಕೆ ಅಳಲಿ. ನನ್ನ ಹೊಲಿಗೆಗೆ ಅಳೋದು ಬೇಡ."