ಆಡದ ಬೇಟೆಯಲ್ಲಿ ನನ್ನ ಪಾಲು

ಮೊನ್ನೆ ಅಡುಗೆಮನೆಯ ಕಪಾಟು ಒರೆಸುತ್ತಿದ್ದ ಮಗಳು ಹಿಂದಿನ ಸಾಲಿನಿಂದ ಒಂದು ಕಪ್ಪು ಬಾಟಲಿ ಎಳೆದು, ಬಿರಡೆ ತೆಗೆದು ಮೂಗು ಸೊಟ್ಟ ಮಾಡಿದಳು. "ಅಪ್ಪಾ, ವಾಟ್ ಈಸ್ ದಿಸ್? ಮೆಡಿಸಿನ್?" ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಹೇಳುವುದು ನಮ್ಮ ನೈರೋಬಿಯ ಮನೆಯ ಒಪ್ಪಂದ. ಹುಳಿ, ಹೊಗೆ, ಹಳೆಯ ಬೆಲ್ಲ ಮೂರೂ ಬೆರೆತಂಥ ವಾಸನೆ ಅಡುಗೆಮನೆಯನ್ನೆಲ್ಲ ತುಂಬಿಕೊಂಡಿತು. ಅದು ಕಾಚಂಪುಳಿ, ಕೊಡಗಿನವರು ಮಾಂಸದಡುಗೆಗೆ ಹಾಕುವ ಹುಳಿ. ನಾನೋ ಮೊಟ್ಟೆಯನ್ನೂ ಮುಟ್ಟದ ಮೈಸೂರಿನ ಗಣಿತದ ಮೇಷ್ಟ್ರು. ಇದು ನಿಮ್ಮ ಮನೆಗೆ ಹೇಗೆ ಬಂತು ಎಂದು ನೀವು ಕೇಳಿಯೇ ಕೇಳುತ್ತೀರಿ. ಹೇಳುತ್ತೇನೆ, ಅವಸರವಿಲ್ಲದಿದ್ದರೆ ಕೂತುಕೊಳ್ಳಿ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ನೈರೋಬಿಗೆ ಹೊಸಬ, ಒಂಟಿ. ಶನಿವಾರ ಮಧ್ಯಾಹ್ನ ಶಾಲೆ ಮುಗಿದರೆ ಸೋಮವಾರದವರೆಗೆ ನನ್ನೊಡನೆ ಮಾತಾಡುತ್ತಿದ್ದುದು ಮಟಾಟು ಎಂಬ ಬಾಡಿಗೆ ವ್ಯಾನಿನ ಕಂಡಕ್ಟರ್ ಒಬ್ಬನೇ. ಹೀಗಿರುವಾಗ ಊರಂಚಿನ ಲಂಗಾಟಾದಲ್ಲಿದ್ದ ಕೊಡಗಿನ ಬೋಪಯ್ಯನವರ ಪರಿಚಯವಾಯಿತು. ಅವರು ಕಾಫಿ ಕಂಪನಿಯೊಂದರಲ್ಲಿ ರುಚಿ ನೋಡುವ ಕೆಲಸದಲ್ಲಿದ್ದರು. ದಿನವಿಡೀ ನೂರು ಬಟ್ಟಲು ಕಾಫಿ ಹೀರಿ ಉಗುಳಿ, ಮನೆಗೆ ಬಂದು ಚಹಾ ಕುಡಿಯುತ್ತಿದ್ದರು. ಅವರ ಹಿತ್ತಲ ಬೇಲಿಯ ಆಚೆಗೆ ರಾಷ್ಟ್ರೀಯ ಉದ್ಯಾನ. ಇಳಿಬಿಸಿಲಿನಲ್ಲಿ ಈಲ್ಯಾಂಡ್ ಎಂಬ ಎತ್ತಿನಷ್ಟು ದೊಡ್ಡ ಮೃಗಗಳು ಬೇಲಿಯ ತನಕ ಮೇಯುತ್ತಾ ಬಂದು, ನಮ್ಮನ್ನು ನೋಡಿ, ನಮ್ಮಿಂದ ಏನೂ ಆಗದೆಂದು ತಿಳಿದವರ ಹಾಗೆ ಮತ್ತೆ ತಲೆ ತಗ್ಗಿಸುತ್ತಿದ್ದವು. ಕೆನ್ಯಾದಲ್ಲಿ ಸರ್ಕಾರ ಬೇಟೆಯನ್ನು ನಿಷೇಧಿಸಿ ಕೆಲವು ವರ್ಷಗಳಾಗಿದ್ದವು. ಬೋಪಯ್ಯನವರು ಕೋವಿಯನ್ನು ಪೊಲೀಸರಿಗೆ ಒಪ್ಪಿಸಿದ್ದರು. ಆದರೆ ಬೇಟೆಯ ಆಸೆಯನ್ನು ಎಲ್ಲಿ ಒಪ್ಪಿಸುವುದು?

ಅವರಿಂದ ಕಾಫಿ ಕೊಳ್ಳುತ್ತಿದ್ದ ಅಮೆರಿಕದವನೊಬ್ಬ ತನ್ನ ರಾಜ್ಯದ ಬೆಟ್ಟಗಳಿಗೆ ಕರೆದಿದ್ದ. ಅಲ್ಲಿ ಎಲ್ಕ್ ಎಂಬ ಮೃಗವಿದೆಯಂತೆ, ನಮ್ಮ ಕಡವೆಗೆ ದೊಡ್ಡಣ್ಣ, ಜಿಂಕೆಗಳಂತೂ ಬೇಕಾದಷ್ಟು. ಅಂದಿನಿಂದ ಶನಿವಾರಗಳೆಲ್ಲ ಆ ಬೆಟ್ಟಗಳ ಪಾಲಾದವು. ಬೋಪಯ್ಯನವರ ಜಗಲಿಯ ಮೇಜಿನ ಮೇಲೆ ಆ ರಾಜ್ಯದ ನಕ್ಷೆ ಹರಡುತ್ತಿತ್ತು. ಎಂಬಕಸಿಯ ವಿಮಾನ ನಿಲ್ದಾಣದಲ್ಲಿ ಸರಕು ಸಾಗಿಸುವ ಕೆಲಸದಲ್ಲಿದ್ದ ಮಂಗಳೂರಿನ ಸಿರಿಲ್ ಜೊತೆಗೆ ಹೋಗುವವನು. ನಾನು ಹೋಗುವವನಲ್ಲ. ನನ್ನ ಅಕ್ಷರ ದುಂಡಗಿತ್ತಾದ್ದರಿಂದ ಪಟ್ಟಿ ಬರೆಯುವುದು ನನ್ನ ಕೆಲಸ. ಉಣ್ಣೆಯ ಕಾಲುಚೀಲ, ಹಗ್ಗ, ಎರಡು ಚೂರಿ. ಎಲ್ಲಕ್ಕಿಂತ ಮೊದಲು ಬೋಪಯ್ಯನವರು ಊರಿಂದ ತಂದು ಮುಚ್ಚಿಟ್ಟಿದ್ದ ಒಂದು ಬಾಟಲಿ ಕಾಚಂಪುಳಿ.

ಆ ಮಧ್ಯಾಹ್ನಗಳು ನನಗೆ ಈಗಲೂ ಅರೆನಿದ್ದೆಯಲ್ಲಿ ಬರುತ್ತವೆ. ಬೋಪಯ್ಯನವರು ನಕ್ಷೆಯ ಮೇಲೆ ಬೆರಳಿಟ್ಟು, "ಇಲ್ಲಿ ಹಳ್ಳ ದಾಟಿದ್ವಿ, ಸದ್ದು ಮಾಡಬೇಡಿ" ಎಂದರೆ ನಾವಿಬ್ಬರೂ ನಿಜಕ್ಕೂ ದನಿ ತಗ್ಗಿಸುತ್ತಿದ್ದೆವು. ದೂರದ ಎನ್ಗಾಂಗ್ ಬೆಟ್ಟಗಳು ನೀಲಿಯಾಗುತ್ತಾ ಹೋದಂತೆ ಅವೇ ಅಮೆರಿಕದ ಆ ಬೆಟ್ಟಗಳಾಗುತ್ತಿದ್ದವು. ಹಿಮ ಕಾಣದ ನನಗೆ ಹಿಮದ ಮೇಲೆ ಗೊರಸಿನ ಗುರುತು ಕಾಣುತ್ತಿತ್ತು. ಬೇಟೆ ಎಂದರೆ ಹೇಸುವವನು ಬೇಟೆಯ ಹಾದಿಯಲ್ಲಿ ಇಷ್ಟು ಸುಖವಾಗಿ ನಡೆದದ್ದು ಹೇಗೋ ನನಗೆ ಗೊತ್ತಿಲ್ಲ.

ಒಂದು ಶನಿವಾರ, ಇನ್ನೂ ಕಾಣದ ಮೃಗದ ಪಾಲು ಮಾಡಿದೆವು.

"ನಮ್ಮಲ್ಲಿ ಕ್ರಮ ಇದೆ, ಬರ್ಕೊಳ್ಳಿ ಮೇಷ್ಟ್ರೇ," ಎಂದರು ಬೋಪಯ್ಯನವರು. "ಗುಂಡು ಹೊಡೆದವನಿಗೆ ತಲೆ, ಒಂದು ತೊಡೆ. ಬಿದ್ದದ್ದನ್ನ ಮೊದಲು ಮುಟ್ಟಿದವನಿಗೆ ಒಂದು ಪಾಲು ಜಾಸ್ತಿ. ಉಳಿದದ್ದು ಎಲ್ಲರಿಗೂ ಸಮ. ನಾಯಿಗೂ ಒಂದು ಪಾಲು."

"ನಾಯಿ ಎಲ್ಲಿ ಉಂಟು ಮಾರಾಯ್ರೇ?" ಎಂದ ಸಿರಿಲ್. "ವಿಮಾನದಲ್ಲಿ ನಾಯಿ ಕಳಿಸ್ಲಿಕ್ಕೆ ಎಷ್ಟು ಕಾಗದ ಬೇಕು ಗೊತ್ತುಂಟಾ?"

"ನಾಯಿ ಇಲ್ಲದಿದ್ರೂ ಅದರ ಪಾಲು ಬರೀಬೇಕು. ಹಾಗೇ ಮೇಷ್ಟ್ರದ್ದೂ ಒಂದು."

"ನಾನು ಬರೋನೂ ಅಲ್ಲ, ತಿನ್ನೋನೂ ಅಲ್ಲವಲ್ಲ ಸಾರ್," ಎಂದೆ.

"ತಿನ್ನೋದು ಬಿಡೋದು ನಿಮ್ಮಿಷ್ಟ. ಪಟ್ಟಿ ಬರೆದವನೂ ಬೇಟೆಗೆ ಸೇರಿದವನೇ. ಪಾಲು ಪಾಲೇ."

ನಾಯಿಯ ಕೆಳಗೆ ನನ್ನ ಹೆಸರು ಬರೆದುಕೊಂಡೆ. ನಗಬೇಡಿ, ನನ್ನ ಕಣ್ಣು ತುಂಬಿ ಬಂತು. ಅಷ್ಟು ದೊಡ್ಡ ಊರಿನಲ್ಲಿ ಅಲ್ಲಿಯ ತನಕ ಯಾರೂ ನನ್ನನ್ನು ಯಾವುದಕ್ಕೂ ಸೇರಿಸಿಕೊಂಡಿರಲಿಲ್ಲ.

ಈಗ ಹೇಳಲು ಕಷ್ಟವಾದದ್ದಕ್ಕೆ ಬಂದೆ. ಆ ರಾಜ್ಯದಲ್ಲಿ ಹೊರಗಿನವರಿಗೆ ಬೇಟೆಯ ಪರವಾನಗಿಯನ್ನು ಚೀಟಿ ಎತ್ತಿ ಕೊಡುತ್ತಿದ್ದರು. ಜನವರಿಯೊಳಗೆ ಅರ್ಜಿ ತಲುಪಬೇಕು. ಹೆಸರು ಬಂದವರಿಗೆ ಮಾತ್ರ ಪತ್ರ ಬರುತ್ತದೆ. ಬೋಪಯ್ಯನವರ ಅರ್ಜಿಯನ್ನು ನಾನೇ ತುಂಬಿದೆ, ಲಕೋಟೆ ಅಂಟಿಸಿದೆ, ಪೇಟೆಯ ಅಂಚೆ ಕಚೇರಿಯವರೆಗೂ ಹೋದೆ. ಡಬ್ಬಿಯ ಮುಂದೆ ನಿಂತಾಗ ಒಂದು ಯೋಚನೆ ಬಂತು: ಇವರು ಹೋಗಿ ಬಂದರೆಂದರೆ ಪಟ್ಟಿ ಮುಗಿಯಿತು. ಪಟ್ಟಿ ಮುಗಿದರೆ ಶನಿವಾರವೂ ಮುಗಿಯಿತು. ಇನ್ನೊಂದು ವರ್ಷ ಕಳೆಯಲಿ ಎಂದು ಲಕೋಟೆಯನ್ನು ಜೇಬಿಗೆ ಹಾಕಿಕೊಂಡು ವಾಪಸು ನಡೆದೆ.

ಪತ್ರ ಬರಲಿಲ್ಲ, ಬರುವುದು ಹೇಗೆ? "ನನ್ನ ಹಣೆಬರಹ ಮೇಷ್ಟ್ರೇ, ಬರೋ ವರ್ಷ ನೋಡೋಣ," ಎಂದರು ಬೋಪಯ್ಯನವರು. ಬೇಟೆಗೆಂದು ಮೈ ಪಳಗಿಸುವ ಅಭ್ಯಾಸ ಮಾತ್ರ ಬಿಡಲಿಲ್ಲ. ಬೆನ್ನಿಗೆ ಹಸಿ ಕಾಫಿಬೀಜದ ಚೀಲ ಕಟ್ಟಿಕೊಂಡು ವಾರ ವಾರ ಎನ್ಗಾಂಗ್ ಬೆಟ್ಟ ಹತ್ತುತ್ತಿದ್ದರು. ಅಲ್ಲೇ ಒಂದು ಬೆಳಿಗ್ಗೆ ಜಾರಿ ಬಿದ್ದು ಮಂಡಿ ಮುರಿದುಕೊಂಡರು. ಇನ್ನು ಬೆಟ್ಟದ ಮಾತು ಬೇಡ ಎಂದರು ಡಾಕ್ಟರು. ಹೋಗಬಹುದಾಗಿದ್ದದ್ದು ಆ ಒಂದೇ ವರ್ಷ, ಆ ವರ್ಷವನ್ನು ನಾನು ಜೇಬಿನಲ್ಲಿಟ್ಟುಕೊಂಡು ಬಂದಿದ್ದೆ.

ನಿವೃತ್ತರಾಗಿ ಊರಿಗೆ ಹೊರಟ ದಿನ ಅವರು ಬಾಟಲಿಯನ್ನೂ ಪಟ್ಟಿಯನ್ನೂ ನನ್ನ ಕೈಗಿಟ್ಟರು. "ಎಲ್ಕ್ ಅಂತೂ ಸಿಗಲಿಲ್ಲ. ಇದು ನಿಮ್ಮ ಪಾಲು." ನಾನು ಬಾಯಿ ಬಿಡಬೇಕಾಗಿದ್ದ ಗಳಿಗೆ ಅದು. "ಥ್ಯಾಂಕ್ಸ್ ಸಾರ್" ಎಂದೆ. ಅಷ್ಟೇ ನನ್ನ ಯೋಗ್ಯತೆ.

ಮೊನ್ನೆ ಬಿರಡೆ ತೆಗೆದ ಬಾಟಲಿಯ ಮುಂದೆ ಕುಳಿತು ವಿರಾಜಪೇಟೆಯಲ್ಲಿರುವ ಬೋಪಯ್ಯನವರಿಗೆ ಫೋನ್ ಮಾಡಿದೆ. ಯೋಗಕ್ಷೇಮವಾಯಿತು, ಕರಿಮೆಣಸಿನ ಸಮಾಚಾರವಾಯಿತು. ಆಮೇಲೆ ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟೆ: "ಸಾರ್, ಆ ಅರ್ಜಿ ನಾನು ಪೋಸ್ಟಿಗೆ ಹಾಕಲೇ ಇಲ್ಲ."

"ಯಾಕೆ?" ಎಂದರು.

"ನೀವು ಹೋಗಿ ಬಂದುಬಿಟ್ರೆ ಶನಿವಾರ ನಾನು ಎಲ್ಲಿಗೆ ಬರಲಿ ಅನ್ನಿಸ್ತು."

"ಆ ವರ್ಷ ಕಾಲು ನೆಟ್ಟಗಿತ್ತು ಮೇಷ್ಟ್ರೇ," ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಪಟ್ಟಿ ಇದೆಯಾ?"

"ಇದೆ ಸಾರ್."

"ನಿಮ್ಮ ಹೆಸರು ಹೊಡೆದುಹಾಕಿ. ಆ ಪಾಲು ನಾಯಿಗೆ ಬರೀರಿ."

ಪೆನ್ನು ತೆಗೆದುಕೊಂಡು, ಹಳದಿಯಾದ ಹಾಳೆಯ ಮೇಲೆ ನನ್ನ ಹೆಸರಿಗೆ ಗೀಟು ಹಾಕಿದೆ. ನಾಯಿಯ ಮುಂದೆ ಎರಡು ಎಂದು ಬರೆದೆ. ಅಕ್ಷರ ದುಂಡಗೇ ಬಂತು.

"ಬರೆದ್ರಾ?"

"ಬರೆದೆ."

"ಸರಿ. ಮುಂದಿನ ಶನಿವಾರ ಎಷ್ಟು ಹೊತ್ತಿಗೆ ಫೋನ್ ಮಾಡ್ತೀರಿ?"

ನಾಲ್ಕು ಗಂಟೆಗೆ ಎಂದೆ. ಲಂಗಾಟಾದಲ್ಲಿ ಮಟಾಟು ಇಳಿದು ನಾನು ಅವರ ಗೇಟು ತೆಗೆಯುತ್ತಿದ್ದದ್ದು ಅದೇ ಹೊತ್ತಿಗೆ.